ಮೀಸೆ ಅಂಟಿಸಿಕೊಂಡ ಹೆಣ್ಣುಮಗಳು

ಮಸ್ಕಿಯಿಂದ ಮುದಗಲ್‌ಗೆ ಹೋಗುವ ರಸ್ತೆಗೆ ಹತ್ತಿಕೊಂಡೇ ನನ್ನ ತವರೂರು. ಊರು ಬರುವ ಮೊದಲು, ಬೇವಿನ ಮರದ ಬುಡದಲ್ಲಿ ಎದೆಯೆತ್ತರದ ಒಂದು ಕಲ್ಲಿತ್ತು. ಎಲ್ಲರೂ ಅದನ್ನು ಕುದುರಿ ಅಜ್ಜ ಎನ್ನುತ್ತಿದ್ದರು. ತಲೆಮಾರುಗಳಿಂದ ಸುರಿದ ಎಣ್ಣೆ, ಮೆತ್ತಿದ ಸಿಂಧೂರ ತೊಗಟೆಗಟ್ಟಿ, ಕುದುರೆಯ ಮೇಲೆ ಯಾರೋ ಕೂತಿದ್ದಾರೆ ಎಂಬುದಷ್ಟೇ ತಿಳಿಯುತ್ತಿತ್ತು. ಮುಖಕ್ಕೆ ಬೆಳ್ಳಿಯ ಮೀಸೆ. ಅಜ್ಜ ಬ್ರಹ್ಮಚಾರಿ, ಹೆಣ್ಣಿನ ನೆರಳೂ ಅವನಿಗೆ ಆಗದು ಎಂಬ ನಂಬಿಕೆ. ಸುತ್ತ ಹಾಕಿದ ಬಂಡೆಗಳ ಸಾಲನ್ನು ಹೆಂಗಸರು ದಾಟುವಂತಿರಲಿಲ್ಲ.

ಸಣ್ಣವಳಿದ್ದಾಗ ಆಡಿನ ಮರಿಯ ಹಿಂದೆ ಓಡಿ ನಾನು ಆ ಸಾಲು ದಾಟಿಬಿಟ್ಟಿದ್ದೆ. ದೊಡ್ಡವ್ವ ರಟ್ಟೆ ಹಿಡಿದು ಎಳೆದು ಕಪಾಳಕ್ಕೆ ಬಾರಿಸಿದ್ದಳು. ಆಮೇಲೆ ಕೊಡಗಟ್ಟಲೆ ನೀರು ಸುರಿದು ಕಲ್ಲನ್ನು ಮಡಿ ಮಾಡಿದರು.

ಈಗ ನಾನು ಲಿಂಗಸುಗೂರಿನ ಶಾಲೆಯೊಂದರಲ್ಲಿ ಸಮಾಜ ಪಾಠ ಹೇಳುತ್ತೇನೆ. ಹೋದ ಬೇಸಿಗೆಯಲ್ಲಿ ದೊಡ್ಡವ್ವ ಫೋನು ಮಾಡಿ, "ರೋಡ್ ಅಗಲ ಮಾಡಾಕತ್ತಾರ. ಅಜ್ಜನ್ನ ಎಬ್ಬಸ್ತಾರಂತ, ಬಂದು ನಮಸ್ಕಾರ ಮಾಡಿ ಹೋಗು" ಎಂದಳು. ಹೋದೆ. ಹೆಂಗಸರೆಲ್ಲ ದೂರ ನಿಂತಿದ್ದೆವು. ಪೂಜೆ ನಮ್ಮ ಮನೆತನದ್ದು. ಈಗ ಮಾಡುವವನು ಕಾಕಾ. ಅವನು ಕಾಯಿ ಒಡೆದ ಮೇಲೆ ಹಗ್ಗ ಬಿಗಿದು ಜೆಸಿಬಿಯಿಂದ ಕಲ್ಲನ್ನು ಎತ್ತಿದರು. ಅರ್ಧಕ್ಕೆ ಬಂದಾಗ ಹಗ್ಗ ಜಾರಿತು. ಕಲ್ಲು ಬೇವಿನ ಮರಕ್ಕೆ ಬಡಿದು ಒರಗಿತು. ಬಿಸಿಲಿಗೆ ಮೆತ್ತಗಾಗಿದ್ದ ತೊಗಟೆ ಮೀಸೆ ಸಮೇತ ಕಳಚಿ ನೆಲಕ್ಕೆ ಬಿತ್ತು.

ಒಳಗಿದ್ದವಳು ಹೆಂಗಸು.

ಒಂದು ಬದಿಗೆ ಕಟ್ಟಿದ ತುರುಬು, ಕಿವಿಯಲ್ಲಿ ಓಲೆ, ಕತ್ತಿ ಎತ್ತಿದ ಕೈ ತುಂಬ ಬಳೆ, ತುಂಬಿದ ಎದೆ. ಕುದುರೆಯ ಗೊರಸಿನಡಿ ಬಿದ್ದ ಗಂಡಸರು. ಕೆಳಗೆ ದನಗಳ ಸಾಲು. ಶತ್ರುಗಳು ಹೊಡೆದುಕೊಂಡು ಹೋದ ಊರಿನ ದನ ಬಿಡಿಸಲು ಹೋಗಿ ಸತ್ತವರಿಗೆ ಇಂಥ ವೀರಗಲ್ಲು ನಿಲ್ಲಿಸುತ್ತಿದ್ದರು ಎಂದು ವರ್ಷವೂ ಮಕ್ಕಳಿಗೆ ಹೇಳುತ್ತೇನೆ. ಹೇಳುವಾಗಲೆಲ್ಲ ನನ್ನ ಕಣ್ಣಮುಂದೆ ಬರುತ್ತಿದ್ದವನು ಒಬ್ಬ ಗಂಡಸು. ಜೆಸಿಬಿಯವನು ಎಂಜಿನ್ ಆರಿಸಿಬಿಟ್ಟ.

ಕಾಕಾ ಹೆಗಲ ಮೇಲಿನ ವಲ್ಲಿ ತೆಗೆದು ಆಕೆಯ ಎದೆಗೆ ಹೊದಿಸಿದ. "ಯಾರೂ ಫೋಟೋ ಹೊಡಿಬ್ಯಾಡ್ರಿ" ಎಂದ.

"ಮುಚ್ಚಬ್ಯಾಡ್ರಿ ಕಾಕಾ" ಎಂದೆ. "ಊರ ಸಲುವಾಗಿ ಸತ್ತಾಕಿ ಆಕಿ."

"ನೀ ಸುಮ್ಮನಿರು. ಅಜ್ಜ ಅಂದ್ರ ಅಜ್ಜ."

ದೊಡ್ಡವ್ವ ಕಲ್ಲನ್ನೇ ನೋಡುತ್ತ ನೆಲಕ್ಕೆ ಕೂತಳು. ಕಾಕಾನನ್ನು ಕೇಳಿದಳು: "ನಾವು ಮುಟ್ಟಿದ್ರ ಮೈಲಿಗಿ ಅಂತಿದ್ರೆಲ್ಲಪ್ಪ. ಒಳಗ ಕುಂತಾಕಿ ನಮ್ಮಂಥಾಕೀನ ಏನು? ಇದ್ರ ಸಲುವಾಗಿ ಈ ಕೂಸಿನ್ನ ಹೊಡದಿದ್ನಲ್ಲೋ ನಾ."

ಕಾಕಾ ನೆಲಕ್ಕೆ ಬಿದ್ದ ಮೀಸೆಯನ್ನು ಎತ್ತಿ ಜೇಬಿಗೆ ಹಾಕಿಕೊಂಡ.

ಸಂಜೆ ಹಿರಿಯರು ಕೂತು ಮಾತಾಡಿದರು. "ಈಗ ಹೆಣ್ಣು ಅಂದ್ರ ಸುತ್ತೂರ ಮಂದಿ ನಗ್ತಾರ" ಎಂದರು ಒಬ್ಬರು. ಉಳಿದವರು ಹೌದೆಂದರು. ಮರುದಿನ ಬೆಳಿಗ್ಗೆ ರಸ್ತೆಯಾಚೆಯ ಹೊಸ ಕಟ್ಟೆಯ ಮೇಲೆ ನಿಲ್ಲಿಸಿದ ಆ ಮುಖಕ್ಕೆ ಮೇಣ ಹಚ್ಚಿ ಕಾಕಾ ಬೆಳ್ಳಿ ಮೀಸೆ ಅಂಟಿಸಿದ. ಹಿಂದಿನ ದಿನ ಕಣ್ಣಾರೆ ಕಂಡವರೆಲ್ಲ ಕೈ ಮುಗಿದರು. ತೊಗಟೆ ಬಿದ್ದಾಗಿನದಕ್ಕಿಂತ ಈಗ ನನಗೆ ಹೆಚ್ಚು ಆಘಾತವಾಯಿತು. ಕಾಲ ಕಳೆದಂತೆ ಜನ ಮರೆತಿದ್ದಾರೆ ಎಂದುಕೊಂಡಿದ್ದೆ. ಮೊದಲ ಸಲ ಮೀಸೆ ಇಟ್ಟವನಿಗೂ ಆ ಬಳೆ, ಆ ತುರುಬು ಕಂಡಿರಲೇಬೇಕು.

ಅಷ್ಟರಲ್ಲಿ ದೊಡ್ಡವ್ವ ಅರಿಷಿಣ ಕುಂಕುಮದ ತಟ್ಟೆ ಹಿಡಿದು ಬಂದಳು. ಸೀದಾ ಕಟ್ಟೆ ಹತ್ತಿದಳು.

"ಅತ್ತಿಗಿ, ಇಳೀರಿ" ಎಂದ ಕಾಕಾ.

"ಮೀಸಿ ನಿಂದು, ಇಟ್ಕೋ. ನಾ ಬ್ಯಾಡ ಅಂದೀನೇನು?" ಎನ್ನುತ್ತ ಅವಳು ಕಲ್ಲಿನ ಬಳೆಗಳ ಮೇಲೆ ಒಂದೊಂದಾಗಿ ಅರಿಷಿಣ ಸವರಿದಳು. ಕಾಕಾ ತಡೆಯಲಿಲ್ಲ, ಬದಿಗೆ ಸರಿದು ನಿಂತ.

ಈಗ ಅಲ್ಲಿ ಎರಡೂ ನಡೆಯುತ್ತವೆ. ಬೆಳಿಗ್ಗೆ ಕಾಕಾ ಅಜ್ಜನಿಗೆ ಎಣ್ಣೆ ಹಾಕುತ್ತಾನೆ. ಹೊತ್ತೇರಿದ ಮೇಲೆ ಹೆಂಗಸರು ಹೋಗಿ ಕುದುರಿ ಅವ್ವ ಎಂದು ಕರೆದು ಹೂ ಏರಿಸುತ್ತಾರೆ. ಆಕೆಯ ನಿಜವಾದ ಹೆಸರು ಹೇಳುವ ಒಂದಕ್ಷರವೂ ಕಲ್ಲಿನ ಮೇಲಿಲ್ಲ.