ಎಡಗಡೆ ಸೀಟಿಲ್ಲದ ಕಾರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಐವತ್ತೆರಡನೆಯ ವಯಸ್ಸಿನಲ್ಲಿ ಒಬ್ಬ ಮುದುಕನಿಗೇ ನಾನು ಒಂದೇ ವಾರದಲ್ಲಿ ನಾಲ್ಕು ಸಲ ಕಾರು ಗುದ್ದಿಸಿದ್ದೇನೆ. ಗಾಬರಿಯಾಗಬೇಡಿ, ಆತ ಪರದೆಯೊಳಗಿನ ಮುದುಕ. ಶಿಗ್ಗಾಂವಿಯ ಒಂದು ಡ್ರೈವಿಂಗ್ ಸ್ಕೂಲಿಗೆ ಸಿಮ್ಯುಲೇಟರ್ ಎಂಬ ಯಂತ್ರ ಬಂದಿದೆ. ಸೀಟು, ಸ್ಟೇರಿಂಗು, ಕ್ಲಚ್ಚು, ಬ್ರೇಕು ಎಲ್ಲ ಇವೆ, ಗಾಲಿ ಮಾತ್ರ ಇಲ್ಲ. ಎದುರಿಗೆ ದೊಡ್ಡ ಟಿವಿ, ಅದರಲ್ಲಿ ರಸ್ತೆ. ಕೂತಲ್ಲೇ ಓಡಿಸಬೇಕು. ಜನ ಅದಕ್ಕೆ ‘ಸುಳ್ಳು ಕಾರು’ ಎಂದು ಹೆಸರಿಟ್ಟಿದ್ದಾರೆ.

ಮೊದಲ ಸಲ ಗುದ್ದಿದಾಗ “ಅಯ್ಯ ನನ್ನ ಶಿವನ, ತಪ್ಪಾತೋ ಯಪ್ಪಾ!” ಎಂದು ಮುದುಕನನ್ನು ಎತ್ತಲು ಸೀಟಿನಿಂದ ಎದ್ದೇಬಿಟ್ಟೆ. ಕಲಿಸುವ ಖಾದರಸಾಬರು ಮೂವತ್ತು ವರ್ಷ ಲಾರಿ ಓಡಿಸಿ ಮೊಣಕಾಲು ಸವೆಸಿಕೊಂಡವರು. ಅವರು ನಗದೇ ಒಂದು ಬಟನ್ ಒತ್ತಿದರು. ಮುದುಕ ಎದ್ದು, ಅದೇ ಜಾಗದಲ್ಲಿ, ಅದೇ ಗತ್ತಿನಲ್ಲಿ ಮತ್ತೆ ರಸ್ತೆ ದಾಟತೊಡಗಿದ.

“ಈ ಮಷಿನ್ನಿಂದು ಇದೊಂದ ಅವಗುಣ ನೋಡ್ರಿ ಅಕ್ಕೋರ,” ಎಂದರು ಖಾದರಸಾಬರು. “ಇದರಾಗ ಸತ್ತಾವ್ರು ಎದ್ದು ಬರ್ತಾರ.”

ಅಕ್ಕೋರು ಎಂದರೆ ನಮ್ಮ ಕಡೆ ಶಾಲೆಯ ಶಿಕ್ಷಕಿ. ನಾನು ಹತ್ತಿಮತ್ತೂರಿನಲ್ಲಿ ಮೂರನೆಯ ತರಗತಿಗೆ ಕಲಿಸುತ್ತೇನೆ, ಮನೆ ಸವಣೂರಿನಲ್ಲಿ. ಈ ವಯಸ್ಸಿನಲ್ಲಿ ಈ ಹುಚ್ಚು ಯಾಕೆ ಹಿಡಿಯಿತೆಂದರೆ, ಕಣ್ಣಿನ ಡಾಕ್ಟರು ನಮ್ಮ ಮನೆಯವರಿಗೆ ಇನ್ನು ಗಾಡಿ ಮುಟ್ಟಬೇಡಿ ಎಂದುಬಿಟ್ಟರು. ಒಂದು ಕಣ್ಣು ಮಂಜು, ಇನ್ನೊಂದು ಅದರ ದಾರಿಯಲ್ಲೇ ಹೊರಟಿದೆ. ಪುಣ್ಯಾತ್ಮರು ಅಂದಿನಿಂದ ದಿನಾ ಮುಂಜಾನೆ ಕಾರು ಒರೆಸುವರು, ಒಳಗೆ ಒಂದಿಷ್ಟು ಹೊತ್ತು ಕೂಡುವರು, ಇಳಿದು ಬರುವರು. ಕಡೆಗೊಂದು ದಿನ, “ಹಿರೇಕೆರೂರಿಗೆ ಫೋನ್ ಮಾಡ್ತೇನಿ. ನಿನ್ನ ತಂಗಿ ಗಂಡ ಗಾಡಿ ಒಯ್ತೇನಿ ಅಂದಾನ,” ಎಂದರು.

ಬೇರೆ ಯಾರಿಗೆ ಕೊಟ್ಟಿದ್ದರೂ ತಡೆದುಕೊಳ್ಳುತ್ತಿದ್ದೆನೇನೋ. ನನ್ನ ತಂಗಿ ಆಗಲೇ ಸೀಟಿನ ಕವರಿಗೆ ಗುಲಾಬಿ ಬಣ್ಣ ಗೊತ್ತುಮಾಡಿಕೊಂಡಿದ್ದಳು. ಹಬ್ಬಹಬ್ಬಕ್ಕೂ ನಮ್ಮ ಕಾರು ಗುಲಾಬಿ ಅಂಗಿ ತೊಟ್ಟುಕೊಂಡು ನಮ್ಮ ಮನೆಗೇ ನೆಂಟರ ಹಾಗೆ ಬರುವುದನ್ನು ಯಾವ ಹೆಂಗಸು ಸಹಿಸಿಯಾಳು? “ಯುಗಾದಿ ತನಕ ತಡೀರಿ. ನಾ ಕಲೀತೇನಿ,” ಎಂದೆ. ಅವರು ನಕ್ಕರು. ಎಷ್ಟೋ ವಾರಗಳ ಮೇಲೆ ನಕ್ಕಿದ್ದರು, ಆದ್ದರಿಂದ ಸಿಟ್ಟು ಮಾಡಲಿಲ್ಲ.

ಸುಳ್ಳಿನಲ್ಲಿ ಕಲಿಯುವುದು ಹೊಸದೇನಲ್ಲ ಬಿಡಿ. ಹುಡುಗಿಯಾಗಿದ್ದಾಗ ನಾವೆಲ್ಲ ಹಿತ್ತಿಲಲ್ಲಿ ಮಣ್ಣಿನ ರೊಟ್ಟಿ ಬಡಿದೇ ರೊಟ್ಟಿ ಕಲಿತದ್ದು. ಮಣ್ಣಿನ ರೊಟ್ಟಿ ಕೈ ಸುಡುವುದಿಲ್ಲ, ಉಪ್ಪು ಕಡಿಮೆಯಾಯಿತು ಎಂದು ಯಾರೂ ಮುಖ ಸಿಂಡರಿಸುವುದಿಲ್ಲ. ಆ ಸುಖವೆಲ್ಲ ಈ ಯಂತ್ರದಲ್ಲೂ ಇತ್ತು. ಒಂದೇ ಕಿರಿಕಿರಿ ಎಂದರೆ ಅದು ಅಂಕ ಕೊಡುತ್ತಿತ್ತು. ಇಪ್ಪತ್ತಾರು ವರ್ಷ ಕಂಡವರ ಮಕ್ಕಳಿಗೆ ಕೆಂಪು ಶಾಯಿಯಲ್ಲಿ ‘ಇನ್ನೂ ಗಮನವಿರಲಿ’ ಎಂದು ಬರೆದ ನನಗೆ, ಅದರೊಳಗಿನ ಹೆಣ್ಣುಮಗಳು ಬೆಂಗಳೂರು ಕನ್ನಡದಲ್ಲಿ “ನೀವು ಅನುತ್ತೀರ್ಣರಾಗಿದ್ದೀರಿ” ಎನ್ನುವಳು. ಹಟ ಹಿಡಿದೆ. ತಿಂಗಳಾಗುವುದರೊಳಗೆ ಮುದುಕನ ಗುರುತು ಹತ್ತಿ, ದೂರದಿಂದಲೇ ವೇಗ ಇಳಿಸಿ, ಮಾವನವರಿಗೆ ದಾರಿ ಬಿಟ್ಟಂತೆ ಬಿಡತೊಡಗಿದೆ. ನೂರಕ್ಕೆ ತೊಂಬತ್ತಾರು ಬಂತು. ಮನೆಗೆ ಬಂದು ಆ ಚೀಟಿಯನ್ನು ಮಕ್ಕಳ ಹಾಗೆ ಮನೆಯವರಿಗೆ ತೋರಿಸಿದೆ.

ಆ ತೊಂಬತ್ತಾರನ್ನು ಹೊತ್ತುಕೊಂಡೇ ಖಾದರಸಾಬರ ಜೊತೆ ನಿಜವಾದ ಗಾಡಿಯಲ್ಲಿ ಹತ್ತಿಮತ್ತೂರಿನ ರಸ್ತೆಗೆ ಇಳಿದೆ. ಸುಗ್ಗಿಯ ಕಾಲ. ಒಂದು ತಿರುವಿನಲ್ಲಿ ಡಾಂಬರಿನ ಅಗಲಕ್ಕೂ ಹುರುಳಿಯ ಗಿಡ ಹರವಿದ್ದರು, ಹೋಗಿಬರುವ ಗಾಡಿಗಳು ತುಳಿದು ಕಾಳು ಬಿಡಿಸಲಿ ಎಂದು. ನನ್ನ ಟಿವಿಯ ರಸ್ತೆಯಲ್ಲಿ ಇಂಥದ್ದು ಇರಲಿಲ್ಲ. ಅಡ್ಡಿ ಕಂಡರೆ ನಿಲ್ಲಿಸಿ ಎಂದು ಕಲಿಸಿದ್ದಾರೆ, ನಿಲ್ಲಿಸಿದೆ. ಇಂಡಿಕೇಟರ್ ಹಾಕಿಕೊಂಡು, ಕೈಕಟ್ಟಿ, ಯಾರಾದರೂ ಬಟನ್ ಒತ್ತಲಿ ಎಂದು ಕಾದೆ.

ಮೊರ ಹಿಡಿದ ಒಬ್ಬ ಅಜ್ಜಿ ಕಿಡಕಿಗೆ ಬಂದಳು. “ಯಾಕ ನಿಂತಿಯವ್ವಾ? ಹಾಯಿಸು, ಹಾಯಿಸು!”

ಹಾಯಿಸಿದೆ. ಚಟಚಟ ಸದ್ದಿಗೆ ನನ್ನ ಜೀವ ಬಾಯಿಗೆ ಬಂತು. ದಾಟಿ ಉಸಿರು ಬಿಡುವಷ್ಟರಲ್ಲಿ ಹಿಂದಿನಿಂದ ಕೂಗು: “ಬಲಕ್ಕ ಹಂಗ ಉಳೀತು ನೋಡು, ಹಿಂದ ಬಾ ನನ್ನವ್ವ!” ಖಾದರಸಾಬರು ಮುಂದೆ ಹಿಂದೆ ಯಾರೂ ಇಲ್ಲವೆಂದು ನೋಡಿ, “ರಿವರ್ಸ್ ಹಾಕ್ರಿ ಅಕ್ಕೋರ, ಇಂಥಾ ಮಾಸ್ತರು ಎಲ್ಲಿ ಸಿಗ್ತಾರ,” ಎಂದರು. ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಎಂದು ಆ ಅಜ್ಜಿ ನನ್ನಿಂದ ಅರ್ಧ ರಾಶಿ ಮಾಡಿಸಿದಳು. ಸುಳ್ಳು ಕಾರಿನಲ್ಲಿ ಕಲಿತ ವಿದ್ಯೆಗೆ ಹುರುಳು ಬಂದದ್ದು ಹುರುಳಿಯ ಮೇಲೆಯೇ. ಲೈಸೆನ್ಸಿನ ಪರೀಕ್ಷೆಯಲ್ಲಿ ಸಾಹೇಬರು ಹಿಂದಕ್ಕೆ ತೆಗೆಯಿರಿ ಎಂದಾಗ ನಾನು ತೆಗೆದ ಚಂದಕ್ಕೆ ಅವರೇ ಬೆರಗಾದರು.

ಆದರೆ ನಿಜವಾದ ಪರೀಕ್ಷೆ ಆಮೇಲೆ. ಸುಳ್ಳು ಕಾರಿನಲ್ಲಿ ಎಡಗಡೆ ಸೀಟೇ ಇಲ್ಲ. ಅದನ್ನು ಮಾಡಿದವನಿಗೆ ಮದುವೆಯಾಗಿರಲಿಕ್ಕಿಲ್ಲ. ನಮ್ಮ ಮನೆಯವರು ಎಡಗಡೆ ಕೂತ ಮೊದಲ ದಿನ, “ಹಾರ್ನ್!”, “ಗೇರ್!”, “ಎಮ್ಮಿ!” ಎಂದು ಸವಣೂರು ದಾಟುವ ತನಕ ಬಾಯಿ ಮುಚ್ಚಲಿಲ್ಲ. ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಕಾಲಡಿಯ ಮ್ಯಾಟು ಮುದುಡಿಹೋಯಿತು. “ನೀವ ಓಡಸ್ರಿ ಹಂಗಾರ!” ಎಂದುಬಿಟ್ಟೆ. ಅಂದ ಮರುಕ್ಷಣ ನಾಲಿಗೆ ಕಚ್ಚಿಕೊಂಡೆ. ಅವರು ಸುಮ್ಮನಾದರು. ಆ ಸುಮ್ಮನಿರುವಿಕೆಯಲ್ಲಿ ಗಾಡಿ ಓಡಿಸುವುದು ಹಾರ್ನಿನ ಜೊತೆ ಓಡಿಸುವುದಕ್ಕಿಂತ ಕಷ್ಟವಾಗಿತ್ತು.

ಯುಗಾದಿ ಬಂತು. ಗಾಡಿ ಹಿರೇಕೆರೂರಿಗೆ ಹೋಗಬೇಕೆಂಬ ಮಾತಿತ್ತಲ್ಲ, ಹೋಯಿತು, ನಾನೇ ಒಯ್ದೆ. ಹಾನಗಲ್ಲು ದಾಟಿದರೂ ಇವರು ಒಂದೂ ಮಾತಾಡಲಿಲ್ಲ. ಕಿಡಕಿಯ ಕಡೆ ಮುಖ ಮಾಡಿ ಕೂತಿದ್ದರು. ಇನ್ನೂ ಸಿಟ್ಟಿದೆ, ಗಾಡಿ ಅಲ್ಲೇ ಬಿಟ್ಟು ಬಸ್ಸಿಗೆ ವಾಪಸ್ ಬರುವುದೇ ಸೈ ಎಂದುಕೊಂಡೆ.

ತಂಗಿಯ ಗಂಡ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಬಾನೆಟ್ಟು ತಟ್ಟಿ, ಕೇಳಿಯೇಬಿಟ್ಟ: “ಏನ್ರಿ ಅಣ್ಣಾರ, ಬಿಟ್ಟು ಹೋಗಾಕ ಬಂದೀರೇನು ಗಾಡಿ?”

ಇವರು ಸಾವಕಾಶ ಬೆಲ್ಟು ಬಿಚ್ಚಿ ಇಳಿದರು. “ನನ್ನೇನ್ ಕೇಳ್ತೀರಿ? ಡ್ರೈವರ್ ಇಲ್ಲೇ ಅದಾರಲ್ಲ, ಕೇಳ್ರಿ,” ಎಂದವರು, ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು, “ಮೂವತ್ತು ವರ್ಷ ಈ ದಾರಿ ಓಡಾಡೇನಿ, ಇಷ್ಟು ಕೆರಿ ಅದಾವ ಅಂತ ಗೊತ್ತ ಇರಲಿಲ್ಲ ನೋಡು. ರಸ್ತಾ ಬಿಟ್ಟು ಏನೂ ನೋಡಿರಲಿಲ್ಲ. ಚೊಲೋ ಆತು, ಪೂರ್ತಿ ಮಂಜಾಗೋದ್ರಾಗ ನೋಡಿದೆ.”

ವಾಪಸ್ ಬರುವಾಗ ಕೆರೆ ಬಂದಲ್ಲೆಲ್ಲ ಗಾಡಿ ನಿಧಾನ ಮಾಡಿದೆ.