ತಿಂಗಳು ಮುಗಿಯುವ ಮೊದಲು ಆಡಬಾರದ ಮಾತು

ಹೋದ ತಿಂಗಳ ಕೊನೆಯ ಸಂಜೆ, ಐರೋಲಿಯಲ್ಲಿರುವ ನಮ್ಮ ಆಫೀಸಿನ ಕಿಟಕಿಯ ಕೆಳಗೆ ಒಂದು ಮದುವೆಯ ಮೆರವಣಿಗೆ ಸಿಕ್ಕಿಕೊಂಡಿತು. ಕುದುರೆಯ ಮೇಲೆ ಮದುಮಗ, ಕುದುರೆಯ ಹಿಂದೆ ಒಂದು ಬಸ್ಸು, ಬಸ್ಸಿನ ಹಿಂದೆ ಅರ್ಧ ನವಿ ಮುಂಬಯಿ. ಅಷ್ಟೂ ಹಾರ್ನುಗಳ ಹೆಗಲೇರಿ ಒಂದು ಟ್ರಂಪೆಟ್ಟು ಕೂಗುತ್ತಿತ್ತು. ಎದುರು ಮೇಜಿನ ಸ್ನೇಹಾ ಕಿವಿ ಮುಚ್ಚಿಕೊಂಡು, "ದೀದಿ, ಖಿಡಕೀ ಬಂದ್ ಕರೂಂ?" ಎಂದಳು. ಅವಳ ಅಪ್ಪ ಅಮ್ಮ ಉಡುಪಿಯವರು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಹಿಂದಿಯಲ್ಲಿ ಉತ್ತರಿಸುತ್ತಾಳೆ, ಇಬ್ಬರಿಗೂ ಇದುವರೆಗೆ ಅದರಿಂದ ಏನೂ ತೊಂದರೆಯಾಗಿಲ್ಲ.

"ಬೇಡ, ಇನ್ನೂ ಸ್ವಲ್ಪ ತೆಗಿ" ಎಂದೆ.

ನಮ್ಮದು ರಸ್ತೆ ಅಪಘಾತಗಳ ಅಂಕಿ-ಅಂಶ ಕಲೆಹಾಕಿ, ಎಲ್ಲಿ ಏನು ತಿದ್ದಬೇಕು ಎಂದು ಹೇಳುವ ಆಫೀಸು. ಸ್ನೇಹಾಳ ಪರದೆಯ ಮೇಲೆ ಆ ತಿಂಗಳ ಪಟ್ಟಿ ತೆರೆದಿತ್ತು. "ದೀದಿ, ಇಸ್ ರೋಡ್ ಪೇ ಇಸ್ ಮಹೀನೇ ಡೆತ್ ತೋ..." ಎಂದು ಅವಳು ಬಾಯಿ ತೆರೆದಳು. ನಾನು ಬೆರಳನ್ನು ತುಟಿಗೆ ಒತ್ತಿದೆ. ಅವಳು ಕಕ್ಕಾಬಿಕ್ಕಿಯಾದಳು. ಸಂಖ್ಯಾಶಾಸ್ತ್ರದ ಪದವಿ ಪಡೆದವಳು ಹೀಗೆ ಮಾಡಬಾರದು, ನಿಜ. ಆದರೆ ನಿಮಗೆ ಒಂದಿಷ್ಟು ಹಿಂದಿನ ಕತೆ ಹೇಳಿದರೆ ನೀವೂ ನಿಮ್ಮ ತುಟಿಗೆ ಬೆರಳು ಒತ್ತಿಕೊಂಡೀರಿ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಇದನ್ನು ನಾನು ಸಂಕೋಚದಿಂದ ಹೇಳುವುದಿಲ್ಲ, ಎದೆಯುಬ್ಬಿಸಿಯೇ ಹೇಳುತ್ತೇನೆ. ನಮ್ಮವರು ವಿಜಾಪುರದ ಕಡೆಯಿಂದ ಬಂದವರು. ಅಪ್ಪ ಕಲ್ಯಾಣದ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ, ಅವ್ವ ಡೊಂಬಿವಲಿ ಸ್ಟೇಷನ್ನಿನ ಹೊರಗೆ ತರಕಾರಿ ಮಾರುತ್ತಿದ್ದಳು. ಲೋಕಲ್ ಗಾಡಿಯಲ್ಲಿ ಒಂಟಿ ಕಾಲಲ್ಲಿ ನಿಂತು ಓದಿದೆ. ಸಂಭವನೀಯತೆಯ ಪೇಪರನ್ನು ಎರಡನೇ ಸಲ ಬರೆದು ಪಾಸಾದೆ. ನಾನು ಅದರಲ್ಲಿ ಫೇಲಾಗುವ ಸಂಭವ ಎಷ್ಟಿತ್ತೆಂದು ಈಗ ಲೆಕ್ಕ ಹಾಕಿ ಹೇಳಬಲ್ಲೆ. ಪದವಿಯ ದಿನ ಕರಿ ನಿಲುವಂಗಿ ತೊಟ್ಟು ತೆಗೆಸಿಕೊಂಡ ಫೋಟೋವನ್ನು ಅವ್ವ ತಕ್ಕಡಿಯ ಪಕ್ಕದಲ್ಲಿ ಇಟ್ಟುಕೊಂಡಿದ್ದಳು. ಕೊತ್ತಂಬರಿ ಕೊಳ್ಳಲು ಬಂದವರು "ಮಗಳು ವಕೀಲಳೇನ?" ಎಂದು ಕೇಳುತ್ತಿದ್ದರು.

"ಅಲ್ಲ್ರೀ, ಎಣಿಸೂದರಾಗ ಡಿಗ್ರಿ ಮಾಡ್ಯಾಳ. ಬ್ಯಾರೆಯವ್ರು ಎಣಿಸಿದ್ರ ತಪ್ಪತದ, ಈಕಿ ಎಣಿಸಿದ್ರ ತಪ್ಪೂದುಲ್ಲ!"

ಹಾಗೆ ಎಣಿಸಲು ನನಗೆ ಮೊದಲು ಸಿಕ್ಕ ಕೆಲಸ, ಹೆದ್ದಾರಿ ಪೊಲೀಸರ ಒಂದು ಚೌಕಿಯಲ್ಲಿ. ಕಲ್ಯಾಣದ ಕಡೆಯಿಂದ ನವಿ ಮುಂಬಯಿಗೆ ಇಳಿಯುವ ದಾರಿಯಲ್ಲಿ, ಮೇಲ್ಸೇತುವೆಯ ಕೆಳಗೆ, ತಗಡಿನ ಒಂದು ಖೋಲಿ. ಗುತ್ತಿಗೆ ನೌಕರಿ. ಮೇಲೆ ಟ್ರೇಲರ್ ಹೋದರೆ ಕೆಳಗೆ ನನ್ನ ಕಂಪ್ಯೂಟರು ನಡುಗುತ್ತಿತ್ತು. ಅಲ್ಲಿಯ ಹಿರಿಯರು ಮೋರೆ ಹವಾಲ್ದಾರರು: ಹೊಟ್ಟೆ ದೊಡ್ಡದು, ಮೀಸೆ ಅದಕ್ಕಿಂತ ದೊಡ್ಡದು. ಮೊದಲ ದಿನವೇ ಅವರು ನನ್ನನ್ನು "ಮೇಡಂ" ಎಂದರು. ನಾನು ಹಿಂದೆ ತಿರುಗಿ ಯಾರು ಬಂದರೆಂದು ನೋಡಿದೆ.

ನನ್ನ ಕೆಲಸ ತಿಂಗಳ ವರದಿ. ಎಡಗಡೆ ಅಪಘಾತಗಳು: ಸಾವು, ಗಂಭೀರ ಗಾಯ, ಸಣ್ಣ ಗಾಯ. ಬಲಗಡೆ ನಮ್ಮವರ ಕಾರ್ಯಾಚರಣೆ: ಹೆಲ್ಮೆಟ್ ಇಲ್ಲದವರು, ಉಲ್ಟಾ ದಾರಿಯಲ್ಲಿ ಬಂದವರು, ಲೇನ್ ಕತ್ತರಿಸಿದವರು, ಕುಡಿದು ಓಡಿಸಿದವರು. ಎಡಗಡೆ ರಸ್ತೆ ಮಾಡಿದ್ದು, ಬಲಗಡೆ ನಾವು ಮಾಡಿದ್ದು. ಎಡಗಡೆ ಬರೆಯುವಾಗ ನನ್ನ ಕೈ ಭಾರವಾಗುತ್ತಿತ್ತು, ಬಲಗಡೆ ಬರೆಯುವಾಗ ಆಕಳಿಕೆ ಬರುತ್ತಿತ್ತು. ಪಟ್ಟಿಯಲ್ಲಿ ಸಾವಿನ ಮನೆ ಖಾಲಿಯಿದ್ದರೆ ಅಲ್ಲಿ ಸೊನ್ನೆ ಹಾಕುವಂತಿರಲಿಲ್ಲ. ಮರಾಠಿ ಕಚೇರಿಯ ಪದ್ಧತಿಯಂತೆ 'ನಿರಂಕ' ಎಂದು ಅಕ್ಷರದಲ್ಲೇ ಬರೆಯಬೇಕು, ಏನೂ ಇಲ್ಲ ಎಂಬ ಅರ್ಥದಲ್ಲಿ. ಸೊನ್ನೆಯನ್ನು ಯಾರಾದರೂ ತಿದ್ದಿಯಾರು, ಅಕ್ಷರವನ್ನು ತಿದ್ದಲಾರರು ಎಂದು ಮೋರೆಯವರ ವಿವರಣೆ.

ಆ ಮನೆಯಲ್ಲಿ ನಿರಂಕ ಎಂದು ಬರೆದ ದಿನ ಚೌಕಿಯಲ್ಲಿ ಜಿಲೇಬಿ. ಗಸ್ತಿನ ಜೀಪಿನ ಬಾನೆಟ್ಟಿನ ಮೇಲೆ ಪೇಪರ್ ಹಾಸಿ, ಬಿಸಿ ಜಿಲೇಬಿ ಸುರಿದು, ಸಾಹೇಬರಿಂದ ಹಿಡಿದು ಚಹಾದವನ ತನಕ ಎಲ್ಲರಿಗೂ. ಆ ಹೊತ್ತಿಗೆ ಸಿಕ್ಕಿಬಿದ್ದ ಲಾರಿಯವನಿಗೂ ಪಾಲು ಉಂಟು. ಒಂದು ಕೈಯಲ್ಲಿ ದಂಡದ ಚೀಟಿ, ಇನ್ನೊಂದು ಕೈಯಲ್ಲಿ ಜಿಲೇಬಿ ಹಿಡಿದು, ಅಳಬೇಕೋ ನಗಬೇಕೋ ತಿಳಿಯದೆ ನಿಂತ ಒಬ್ಬ ಸರದಾರಜಿಯ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಆದರೆ ಒಂದು ಕಟ್ಟುಪಾಡು. ತಿಂಗಳು ಮುಗಿಯುವ ಮೊದಲು ಆ ಪದವನ್ನು ಯಾರೂ ಬಾಯಿಬಿಟ್ಟು ಆಡಕೂಡದು. ಕೊನೆಯ ವಾರದಲ್ಲಿ ಮೋರೆಯವರು ನನ್ನ ಕಂಪ್ಯೂಟರನ್ನು ಓರೆಗಣ್ಣಿನಿಂದ ನೋಡಿ, "ಮೇಡಂ, ತಬ್ಯೇತ ಕಶೀ ಆಹೇ?" ಎಂದು ಆರೋಗ್ಯ ವಿಚಾರಿಸುತ್ತಿದ್ದರು. "ಠೀಕ ಆಹೇ" ಎಂದು ನಾನು. ಅಷ್ಟೇ. ಮನಸ್ಸಿನೊಳಗೆ ಮಾತ್ರ ನಗುತ್ತಿದ್ದೆ. ಬಾಯಿಯ ಮಾತು ಹೋಗಿ ಟೆಂಪೋದ ಬ್ರೇಕು ತುಂಡರಿಸುತ್ತದೆಯೇ? ನಾನು ಡಿಗ್ರಿ ಮಾಡಿದವಳು!

ಅಂಥ ಒಂದು ಕೊನೆಯ ವಾರದಲ್ಲಿ ನಾನು ಡಬ್ಬಿ ಮರೆತು ಹೋದೆ. ಅವ್ವ ಅದನ್ನು ಹಿಡಿದುಕೊಂಡು ಮೊದಲ ಸಲ ನನ್ನ ಚೌಕಿಗೆ ಬಂದಳು. ಮಗಳು ಕುರ್ಚಿಯಲ್ಲಿ ಕೂತಿದ್ದಾಳೆ, ಖಾಕಿಯವರು ಮೇಡಂ ಅನ್ನುತ್ತಿದ್ದಾರೆ. ಅವಳಿಗೆ ತಡೆಯಲಾಗಲಿಲ್ಲ. ಆ ಪದದ ವಿಷಯ, ಜಿಲೇಬಿಯ ವಿಷಯ ಮನೆಯಲ್ಲಿ ನಾನೇ ಹೇಳಿದ್ದೆ. ಕಟ್ಟುಪಾಡಿನ ವಿಷಯ ಹೇಳಬೇಕೆಂದು ತೋಚಿರಲಿಲ್ಲ. ಸಂತೆಯಲ್ಲಿ ಪಳಗಿದ ಗಂಟಲಿನಿಂದ ಕೇಳಿಯೇಬಿಟ್ಟಳು.

"ಏನವಾ, ಈ ತಿಂಗಳ ನಿರಂಕ ಅಂತಲ್ಲ! ಜಿಲೇಬಿ ಯಾವಾಗ ತರಸ್ತಾರು ನಿಮ್ಮ ಸಾಹೇಬ್ರು?"

ಚಹಾದ ಗ್ಲಾಸುಗಳು ತುಟಿಯ ಹತ್ತಿರ ನಿಂತವು. ಮೋರೆಯವರು ತಲೆಯ ಮೇಲೆ ಕೈ ಹೊತ್ತು, "ಅಹೋ ಮಾವಶೀ! ಹೇ ಕಾಯ ಬೋಲಲಾತ!" ಎಂದರು, ಇದೇನು ಅಂದುಬಿಟ್ಟಿರಿ ಚಿಕ್ಕಮ್ಮಾ ಎಂದು.

"ಏನಂದ್ನಿ ನಾ? ಚೊಲೋ ಮಾತಲ್ಲೇನ ಅದು?" ಅವ್ವ ನನ್ನ ಮುಖ ನೋಡಿದಳು. ಅವಳು ಹೋದ ಮೇಲೆ ಮೋರೆಯವರು ಹೊಸ್ತಿಲಿಗೆ ನೀರು ಹಾಕಿ, ಹೊಸ ನಿಂಬೆ-ಮೆಣಸಿನಕಾಯಿ ತರಿಸಿ ಕಟ್ಟಿದರು.

ಅವತ್ತೇ ಸಂಜೆ ವೈರ್‌ಲೆಸ್ ಕರಕರ ಎಂದಿತು. ತಿರುವಿನಲ್ಲಿ ಒಂದು ಟೆಂಪೋ ಸ್ಕೂಟರಿಗೆ ತಾಗಿತ್ತು. ನಮ್ಮವರು ಓಡಿದರು. ರಸ್ತೆಯ ಬದಿಯಲ್ಲಿ ಬಿದ್ದಿದ್ದವನ ಮೈಮೇಲೆ ಕೆಂಪು ಕೋಟು, ಹೆಗಲ ಮೇಲೆ ಬಂಗಾರದ ಬಣ್ಣದ ಗೊಂಡೆ, ಎದೆಯ ಮೇಲೆ ಎರಡು ಸಾಲು ಗುಂಡಿ. ಹೊಸದಾಗಿ ಸೇರಿದ್ದ ಪೇದೆಯೊಬ್ಬ ಯಾರೋ ದೊಡ್ಡ ಅಧಿಕಾರಿಯೆಂದು ಮೊದಲು ಸಲ್ಯೂಟ್ ಹೊಡೆದು, ಆಮೇಲೆ ಎತ್ತಿದನಂತೆ. ಇದನ್ನು ನೆನೆದು ನಾವು ಹೊಟ್ಟೆ ಹಿಡಿದು ನಕ್ಕದ್ದು ಬಹಳ ದಿನಗಳ ಮೇಲೆ. ಆ ಸಂಜೆ ಯಾರೂ ನಗಲಿಲ್ಲ.

ಅವನ ಹೆಸರು ಬಬನ್. ಕಲ್ಯಾಣದ ಒಂದು ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವನು, ಮದುವೆಗೆ ಹೊರಟಿದ್ದ. ತಲೆಗೆ ಏನೂ ಆಗಿರಲಿಲ್ಲ, ಪಕ್ಕೆಲುಬು ಮುರಿದು ಪುಪ್ಪುಸಕ್ಕೆ ಪೆಟ್ಟಾಗಿತ್ತು. ಠಾಣೆ ಊರಿನ ಆಸ್ಪತ್ರೆಗೆ ಸೇರಿಸಿದರು. ನಾನು ಅವನನ್ನು 'ಗಂಭೀರ ಗಾಯ'ದ ಮನೆಯಲ್ಲಿ ಬರೆದೆ. ಆದರೆ ನಿಯಮವೊಂದಿದೆ: ಗಾಯಗೊಂಡವರು ಅಪಘಾತವಾದ ಮೂವತ್ತು ದಿನದೊಳಗೆ ತೀರಿಕೊಂಡರೆ ವರದಿ ತಿದ್ದಬೇಕು, ಆ ಮನೆಯಿಂದ ಎತ್ತಿ ಸಾವಿನ ಮನೆಗೆ ಹಾಕಬೇಕು. ಹಾಗಾಗಿ ತಿಂಗಳು ಮುಗಿದರೂ ಜಿಲೇಬಿ ಬರಲಿಲ್ಲ. ಚೌಕಿಯಲ್ಲಿ ಯಾರೂ ಅವ್ವನ ಹೆಸರೆತ್ತಲಿಲ್ಲ. ಅದೇ ಹೆಚ್ಚು ಚುಚ್ಚುತ್ತಿತ್ತು.

ಸುದ್ದಿ ಕೇಳಿದ ಅವ್ವ ಬದನೆಕಾಯಿ ಬುಟ್ಟಿ ಬದಿಗಿಟ್ಟಳು. "ನನ್ನ ಬಾಯಿಂದ ಬಿದ್ದದ್ದವಾ ಅದು. ನಾನ ಹೋಗಿ ಎತ್ತಬೇಕು."

"ಅವ್ವಾ, ಮಾತಿಗೂ ಆಕ್ಸಿಡೆಂಟಿಗೂ ಏನ್ ಸಂಬಂಧ? ಅವೆರಡೂ ಸ್ವತಂತ್ರ ಘಟನೆ" ಎಂದು ನಾನು ಪಾಠ ಶುರುಮಾಡಿದೆ.

"ಇರ್ಲಿ, ಇರ್ಲಿ. ನಿನ್ನ ಸ್ವತಂತ್ರ ಘಟನಾ ನಿನ್ನ ಕಡೆ ಇರ್ಲಿ, ನನ್ನ ಬಾಯಿ ನನ್ನ ಕಡೆ ಇರ್ಲಿ."

ಅಂದಿನಿಂದ ಮಧ್ಯಾಹ್ನ ತರಕಾರಿ ಮುಗಿಸಿ, ಜೋಳದ ಗಂಜಿಯ ಡಬ್ಬಿ ಹಿಡಿದು ಠಾಣೆಯ ಲೋಕಲ್ ಹತ್ತುವುದು ಅವಳ ಪರಿಪಾಠವಾಯಿತು. ಬಬನ್‌ನ ಹೆಂಡತಿ ಊರಿನಿಂದ ಬಂದ ಮೇಲೂ ಬಿಡಲಿಲ್ಲ. ಡಾಕ್ಟರು ಅವನ ಕೈಗೆ ಪ್ಲಾಸ್ಟಿಕ್ಕಿನ ಒಂದು ಆಟಿಕೆಯಂಥದ್ದು ಕೊಟ್ಟಿದ್ದರು: ಮೂರು ನಳಿಗೆ, ಮೂರರಲ್ಲೂ ಒಂದೊಂದು ಗುಂಡು. ನಳಿಗೆಯಿಂದ ಉಸಿರು ಎಳೆದರೆ ಗುಂಡು ಮೇಲೇರಬೇಕು. ಮೂರೂ ಏರಿದರೆ ಪುಪ್ಪುಸ ಗಟ್ಟಿಯಾದಂತೆ. ಒಂದು ರಜೆಯ ದಿನ ನಾನೂ ಹೋಗಿದ್ದೆ. ಬಾಗಿಲಿನ ಹೊರಗೇ ಅವ್ವನ ಗಂಟಲು ಕೇಳಿಸಿತು.

"ಎಳಿಯೋ ಮಾರಾಯಾ, ಎಳಿ! ಪೀಪಿ ಊದಾಂವ ಅಂತಿ, ಒಂದ ಗುಂಡ ಎತ್ತೂದಾಗೂದುಲ್ಲೇನ?"

"ಮಾವಶೀ, ದುಖತಂಯ..." ನೋಯುತ್ತದೆ ಎಂದು ಅವನ ಗೋಳು.

"ನೋಯ್ತದ ಅಂತ ಸುಮ್ನ ಮಲಗಿದ್ರ ನಿನ್ನ ಪೀಪಿ ಯಾರ ಊದ್ತಾರು, ನಾನ?"

ಅವಳ ಕನ್ನಡ ಅವನಿಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಬೈಗುಳ ಮಾತ್ರ ಪೂರ್ತಿ ತಿಳಿಯುತ್ತಿತ್ತು. ಅಕ್ಕಪಕ್ಕದ ಮಂಚದವರೆಲ್ಲ ಎದ್ದು ಕೂತು, ಕ್ರಿಕೆಟ್ ನೋಡುವವರಂತೆ ಗುಂಡನ್ನು ನೋಡುತ್ತಿದ್ದರು.

ದಿನಾ ಬೆಳಿಗ್ಗೆ ನಾನು ಚೌಕಿಯಿಂದ ಆಸ್ಪತ್ರೆಗೆ ಫೋನ್ ಮಾಡುತ್ತಿದ್ದೆ. ನನ್ನದು ವರದಿಯ ಪ್ರಶ್ನೆ: ರೋಗಿಯ ಸ್ಥಿತಿ ಏನು? ಸಂಜೆ ಅವ್ವ ತರುತ್ತಿದ್ದ ಉತ್ತರ ಬೇರೆ: "ಇವತ್ತ ಎರಡನೇ ಗುಂಡ ಅಲಗ್ಯಾಡ್ತು." ಸ್ವಲ್ಪ ದಿನದಲ್ಲಿ ಮೋರೆಯವರೂ ನನ್ನ ಫೋನಿಗೆ ಕಾಯುವುದನ್ನು ಬಿಟ್ಟು, "ಮೇಡಂ, ಗುಂಡು ಎಲ್ಲೀತನಕ ಬಂತು?" ಎಂದು ಮರಾಠಿಯಲ್ಲಿ ಕೇಳತೊಡಗಿದರು. ನಡುವೆ ಒಂದು ಸಲ ಅವನಿಗೆ ಜ್ವರ ಏರಿ, ಮತ್ತೆ ಆಮ್ಲಜನಕ ಹಾಕಿದರು. ಅವ್ವ ಮನೆಗೆ ಬಂದು ಮೆಂತ್ಯ ಸೋಸುತ್ತ ಕೂತಳು. ನಾನು ಸ್ವತಂತ್ರ ಘಟನೆಗಳ ಪಾಠ ತೆಗೆಯಲಿಲ್ಲ. ದೇವರ ಮುಂದೆ ದೀಪ ಹಚ್ಚಿದೆ. ಡಿಗ್ರಿಯವರು ಹಚ್ಚಬಾರದೆಂದು ಎಲ್ಲಿ ಬರೆದಿದೆ?

ಜ್ವರ ಇಳಿದ ಮೇಲೆ ಮೋರೆಯವರು ಮೋಸಂಬಿ ಹಿಡಿದು ಅವನನ್ನು ನೋಡಲು ಹೋದರು. ಅವರ ಮೀಸೆ ಕಂಡಿದ್ದೇ ತಡ, ಬಬನ್ ಮಂಚದಿಂದಲೇ ಕೈ ಚಾಚಿ ಕೂಗಿದನಂತೆ: "ಅರೇ, ನನ್ನನ್ನು ಹಿಡಿದವರು ಇವರೇ!"

ಆಮೇಲೆ ತಿಳಿಯಿತು. ಬ್ಯಾಂಡಿನವರು ಮದುವೆಗೆ ಹೋಗುವಾಗ ಮನೆಯಲ್ಲೇ ಪೇಟಾ ಸುತ್ತಿಕೊಂಡು ಹೊರಡುತ್ತಾರೆ, ಅದರ ಮೇಲೆ ಹೆಲ್ಮೆಟ್ ಕೂರುವುದಿಲ್ಲ. ಅಪಘಾತವಾದ ತಿಂಗಳ ಶುರುವಿನಲ್ಲಿ ಮೋರೆಯವರು ಅವನನ್ನು ತಡೆದಿದ್ದರು. "ಸಾಹೇಬ, ಪೇಟಾ ಬಿಚ್ಚಿದರೆ ಮತ್ತೆ ಸುತ್ತುವವರು ಯಾರು?" ಎಂದು ಅವನ ವಾದ. "ಪೇಟಾ ಮತ್ತೆ ಸುತ್ತಬಹುದು, ತಲೆ ಸುತ್ತೋಕಾಗಲ್ಲ" ಎಂದು ಇವರ ತೀರ್ಪು. ದಂಡ ಹಾಕಿ, ಪೇಟಾ ಬಿಚ್ಚಿಸಿಯೇ ಬಿಟ್ಟಿದ್ದರು. ಬಬನ್ ಅವರ ಏಳು ತಲೆಮಾರನ್ನು ಬೈದುಕೊಂಡು ಹೆಲ್ಮೆಟ್ ಕೊಂಡ. ಅಪಘಾತದ ಸಂಜೆ ಪೇಟಾ ಕೈಚೀಲದಲ್ಲಿತ್ತು, ತಲೆ ಹೆಲ್ಮೆಟ್ಟಿನಲ್ಲಿತ್ತು.

ವರದಿಯ ಬಲಗಡೆಯನ್ನು ಬರೆಯುವಾಗ ನನಗೆ ಆಮೇಲೆ ಎಂದೂ ಆಕಳಿಕೆ ಬಂದಿಲ್ಲ. ಮೋರೆಯವರಂತೂ ಅಂದಿನಿಂದ ಎರಡು ಅಂಗುಲ ಎತ್ತರವಾದರು. ಹೆಲ್ಮೆಟ್ ಇಲ್ಲದವನನ್ನು ಹಿಡಿದಾಗಲೆಲ್ಲ ಈ ಕತೆಯನ್ನು ಆದಿಯಿಂದ ಹೇಳುವರು. ಕೆಲವರು ಕತೆಗೆ ಹೆದರಿ ಬೇಗ ದಂಡ ಕಟ್ಟಿ ಓಡುತ್ತಿದ್ದರು.

ಕೊನೆಗೊಂದು ಸಂಜೆ ಅವ್ವ ಓಣಿಯ ತುದಿಯಿಂದಲೇ ಕೂಗುತ್ತ ಬಂದಳು. "ಮೂರೂ ಏರಿದ್ವವಾ! ಮೂರೂ!"

ನಿಯಮದ ದಿನಗಳು ಕಳೆದವು. ಜಿಲೇಬಿ ತರಿಸಿದ ದಿನ ಬಬನ್ ಕೆಂಪು ಕೋಟು ತೊಟ್ಟು, ಹೆಂಡತಿಯ ಜೊತೆ ರಿಕ್ಷಾದಲ್ಲಿ ಬಂದಿಳಿದ. ಅವ್ವನ ಕಾಲು ಮುಟ್ಟಿದ. ಟ್ರಂಪೆಟ್ಟಿಗೂ ಪೆಟ್ಟಾಗಿ ಅದರ ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಊದಬೇಡ ಎಂದು ಎಲ್ಲರೂ ಹೇಳುತ್ತಿದ್ದಂತೆಯೇ ತುಟಿಗಿಟ್ಟ. ಮೊದಲ ಸಾಲು ನೆಟ್ಟಗೆ ಹೋಯಿತು. ಎರಡನೆಯದರ ನಡುವೆ ಉಸಿರು ಸಾಲದೆ ನಿಂತ. ನಾವೂ ನಮ್ಮ ಉಸಿರು ಹಿಡಿದೆವು. ಅವನು ದೊಡ್ಡದಾಗಿ, ಆ ಗುಂಡು ಎತ್ತಿದ ಹಾಗೆ, ಒಮ್ಮೆ ಎಳೆದುಕೊಂಡು ಉಳಿದ ಅರ್ಧ ಊದಿದ. ನೋಡಲು ಲಾರಿಗಳು ನಿಂತವು, ಲಾರಿಯ ಹಿಂದೆ ಬಸ್ಸು, ಬಸ್ಸಿನ ಹಿಂದೆ ರಿಕ್ಷಾ. ಸಂಚಾರ ಸುಗಮಗೊಳಿಸಬೇಕಾದ ಚೌಕಿಯ ಎದುರೇ ಜಾಮ್! ಮೋರೆಯವರು ಬಾಯಲ್ಲಿ ಜಿಲೇಬಿ ಇಟ್ಟುಕೊಂಡೇ ಸೀಟಿ ಊದಲು ಹೋಗಿ ಸೀಟಿಯ ತುಂಬ ಪಾಕ ತುಂಬಿಸಿಕೊಂಡರು.

"ಈಗರೆ ಅನ್ನಬಹುದೇನವಾ ಆ ಮಾತು?" ಅವ್ವ ನನ್ನ ಕಿವಿಯಲ್ಲಿ ಕೇಳಿದಳು. ಮೋರೆಯವರಿಗೆ ಕನ್ನಡ ಬಾರದು, ಆದರೂ ತಿಳಿಯಿತು. "ಬೋಲಾ ಮಾವಶೀ, ಜೋರಾತ ಬೋಲಾ!" ಎಂದರು. ಅವ್ವ ಸಂತೆಯ ಗಂಟಲಿನಿಂದ ಹೇಳಿದಳು. ಮೇಲ್ಸೇತುವೆಯ ಕೆಳಗೆ ಅದು ಎರಡು ಸಲ ಕೇಳಿಸಿತು.

ಹೋದ ತಿಂಗಳ ಆ ಸಂಜೆ ಮೆರವಣಿಗೆ ಇನ್ನೂ ಕಿಟಕಿಯ ಕೆಳಗೇ ಇದ್ದಾಗ ನಾನು ಅವ್ವನಿಗೆ ಫೋನ್ ಹಚ್ಚಿ, ಫೋನನ್ನು ಹೊರಗೆ ಚಾಚಿ ಹಿಡಿದೆ. ಅವಳು ಸ್ವಲ್ಪ ಹೊತ್ತು ಕೇಳಿದಳು.

"ಅಂವ ಅಲ್ಲ ಬಿಡು. ಅಂವಾ ಎರಡನೇ ಸಾಲಿನ್ಯಾಗ ಉಸರ ತೊಗೋತಾನ. ಇಂವಾ ಒಂದ ದಮ್ಮಿಗೆ ಊದಾಕತ್ತಾನ." ಮತ್ತೆ ತಡೆದು, "ತಿಂಗಳ ಕೊನಿ ಅಲ್ಲೇನ ಇವತ್ತ? ನಾ ಏನೂ ಕೇಳೂದುಲ್ಲವಾ. ಊಟ ಆತೇನ?" ಎಂದಳು.

ಈ ಗಾಜಿನ ಆಫೀಸಿಗೆ ಬಂದ ಮೇಲೆ ನಾನು ಜಿಲೇಬಿಯನ್ನು ಮರೆತಿದ್ದೆ. ಇಲ್ಲಿ ಸಾವಿಲ್ಲದ ರಸ್ತೆಯ ಮುಂದೆ ಒಂದು ಅಡ್ಡಗೀಟು ಇರುತ್ತದೆ, ಗೀಟನ್ನು ಯಾರೂ ಎರಡನೇ ಸಲ ನೋಡುವುದಿಲ್ಲ, ನಾನೂ ನೋಡುತ್ತಿರಲಿಲ್ಲ. ಇಂದು ಬೆಳಿಗ್ಗೆ, ಸ್ನೇಹಾ ಅಂದು ಹೇಳಹೊರಟಿದ್ದ ರಸ್ತೆಯಲ್ಲಿ ಗಾಯಗೊಂಡಿದ್ದವರೆಲ್ಲ ಮನೆ ಸೇರಿದ ಸುದ್ದಿ ಬಂದ ಮೇಲೆ, ಗೀಟು ಅಳಿಸಿ ಆ ಪದವನ್ನು ಅಕ್ಷರದಲ್ಲೇ ಬರೆದೆ. ಕೆಳಗಿಳಿದು ಹೋಗಿ ಬಿಸಿ ಜಿಲೇಬಿ ಕಟ್ಟಿಸಿಕೊಂಡು ಬಂದೆ. ಜೀಪಿನ ಬಾನೆಟ್ಟಿಲ್ಲದ್ದಕ್ಕೆ ಪ್ರಿಂಟರಿನ ಮೇಲೆ ಪೇಪರ್ ಹಾಸಿದೆ.

ಸ್ನೇಹಾ ಒಂದು ತುಂಡು ಎತ್ತಿಕೊಂಡು ಕೇಳಿದಳು: "ಕಿಸ್ ಖುಷೀ ಮೇಂ, ದೀದಿ? ಕ್ಯಾ ಹುವಾ?"

"ಏನೂ ಆಗಲಿಲ್ಲವಲ್ಲ," ಎಂದೆ, "ಆ ಖುಷಿಗೆ."