ಎರಡು ಮನೆಗೆ ಒಂದು ಮೋಟರ್

ಕೊತ್ತತ್ತಿಯ ಹೊಂಬಾಳಮ್ಮನಿಗೆ ಯಾರನ್ನಾದರೂ ಏನಾದರೂ ಕೇಳಬೇಕೆಂದರೆ ಮೈಯೆಲ್ಲ ಉರಿ. ಹೇಳುವುದಾದರೆ ಸರಿ, ಊರಿಗೆಲ್ಲ ಹೇಳುತ್ತಾಳೆ. ಅಂಥವಳ ಹಣೆಗೆ ದೇವರು ವಾರಗಿತ್ತಿ ಚಲುವಮ್ಮನ ಪಕ್ಕದ ಮನೆಯನ್ನೂ ಎರಡು ಮನೆಗೂ ಸೇರಿದ ಒಂದೇ ಬೋರನ್ನೂ ಬರೆದಿದ್ದ. ಅಣ್ಣ ತಮ್ಮಂದಿರು ಮನೆ, ಗದ್ದೆ ಎಲ್ಲ ಪಾಲು ಮಾಡಿಕೊಂಡಿದ್ದರು. ಹಿತ್ತಲ ಬೋರನ್ನು ಕತ್ತರಿಸಿ ಹಂಚಲು ಮಾತ್ರ ಯಾರಿಂದ ಸಾಧ್ಯ?

ಮೋಟರಿನಿಂದ ನೀರು ನೇರ ಎರಡೂ ಮನೆಯ ನಲ್ಲಿಗೆ ಬರುತ್ತಿತ್ತು. ಅಲ್ಲಿ ಚಲುವಮ್ಮ ಸ್ನಾನಕ್ಕೆ ಕೂತರೆ ಇಲ್ಲಿ ಹೊಂಬಾಳಮ್ಮನ ನಲ್ಲಿ ನೂಲಿನಷ್ಟು ಸಣ್ಣಗಾಗುತ್ತಿತ್ತು. ಆಗ ಗೋಡೆಯಾಚೆಗೆ ಕೂಗು ಹೋಗುತ್ತಿತ್ತು.

“ಲೇ ಚಲುವಿ, ಮದುವಣಗಿತ್ತಿಯೇನೇ ನೀನು? ಎಷ್ಟೊತ್ತೇ ಮೀಯೋದು?”

“ಆಯ್ತು ಕಣಕ್ಕ, ತಲೆಗೆ ಎರಡು ಚೊಂಬು ಉಯ್ಕೊಂಡ್ ಬುಡ್ತೀನಿ, ತಡಿ!”

ಬೈಗುಳ ದಿನಾ ಇತ್ತು; ಸಾರಿನ ಬಟ್ಟಲೂ ದಿನಾ ಗೋಡೆ ದಾಟುತ್ತಿತ್ತು. ಆದರೂ ಹಿರಿಯವಳಾದ ತಾನು ಕಿರಿಯವಳ ಸ್ನಾನ ಮುಗಿಯಲೆಂದು ಕಾಯಬೇಕಲ್ಲ ಎಂಬುದು ಹೊಂಬಾಳಮ್ಮನನ್ನು ಒಳಗೊಳಗೇ ಕುಟುಕುತ್ತಿತ್ತು.

ಹೋದ ವರ್ಷ ವೋಲ್ಟೇಜ್ ಸಾಲದೆ ಮೋಟರ್ ಸುಟ್ಟುಹೋಯಿತು. ಹೊಸದನ್ನು ಕೂರಿಸಲು ಮಂಡ್ಯದಿಂದ ಬಂದ ಮೆಕ್ಯಾನಿಕ್ ಪುನೀತ್ ಎರಡು ದಾರಿ ಹೇಳಿದ.

“ಸಾಫ್ಟ್ ಸ್ಟಾರ್ಟರ್ ಆಕುದ್ರೆ ಮೋಟ್ರು ಮೆತ್ತಗೆ ಸುರುವಾಯ್ತದೆ ಕಣಮ್ಮ, ಬೇಗ ಸುಡಾಕಿಲ್ಲ. ಆಮೇಲೆ ಓಡೋದು ಮಾತ್ರ ಒಂದೇ ಸ್ಪೀಡು. ಡ್ರೈವ್ ಅನ್ನೋ ಪೆಟ್ಗೆ ಆಕುದ್ರೆ ನಲ್ಲಿ ಬುಟ್ಟಂಗೆಲ್ಲ ಸ್ಪೀಡು ಏರಿಸ್ತದೆ, ಇಳಿಸ್ತದೆ. ಆ ಮನೇಲಿ ನೀರು ಬುಟ್ರೆ ಈ ಮನೇಗೆ ಗೊತ್ತೇ ಆಗಾಕಿಲ್ಲ.”

“ಮೋಟ್ರು ಸುಡ್ದಿದ್ರೆ ಸಾಕಲ್ವಾ ಅಕ್ಕ, ಮೊದಲ್ನೇದೇ ಇರ್ಲಿ,” ಎಂದಳು ಚಲುವಮ್ಮ.

“ನಿನ್ ಸ್ನಾನ ಕಾಯ್ಕೊಂಡು ಕೂರಾಕೆ ನನ್ ಕೈಲಾಗಾಕಿಲ್ಲ ಕಣೇ. ಡ್ರೈವೇ ಆಕಪ್ಪ,” ಎಂದಳು ಹೊಂಬಾಳಮ್ಮ. ಹಿರಿಯವಳ ಮಾತು, ಅಲ್ಲಿಗೆ ಮುಗಿಯಿತು.

ಡ್ರೈವ್ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತು. ಯಾರು ಯಾವಾಗ ನೀರು ಬಿಟ್ಟರೂ ನಲ್ಲಿ ಒಂದೇ ಸಮ ಸುರಿಯುತ್ತಿತ್ತು. ಕೂಗಲು ಕಾರಣವಿಲ್ಲದೆ ಕೂಗು ನಿಂತಿತು, ಕೂಗಿನ ಹಿಂದೆಯೇ ಮಾತೂ ಕಡಿಮೆಯಾಯಿತು. ಹೊಂಬಾಳಮ್ಮನಿಗೆ ಅದೇ ನೆಮ್ಮದಿ ಅನ್ನಿಸಿತು. ಬಂದವರಿಗೆಲ್ಲ ನಲ್ಲಿ ತಿರುಗಿಸಿ ತೋರಿಸಿದ್ದೇ ತೋರಿಸಿದ್ದು.

ಕಬ್ಬಿನ ಕಟಾವಿನ ದಿನ ಗಂಡಸರೆಲ್ಲ ಗದ್ದೆಯಲ್ಲಿದ್ದರು. ಹೊಂಬಾಳಮ್ಮ ಬೆಳಿಗ್ಗೆ ಪಾತ್ರೆ ಬೆಳಗಿದಳು, ಕಂಬಳಿ ಒಗೆದಳು, ಎಮ್ಮೆಯ ಮೈ ತೊಳೆದಳು. ನೀರು ಒಮ್ಮೆಯೂ ಸಣ್ಣಗಾಗಲಿಲ್ಲ. ಅಷ್ಟೂ ಹೊತ್ತು ಗೋಡೆಯಾಚೆಯ ಬಚ್ಚಲಲ್ಲಿ ಚಲುವಮ್ಮ ಬಿದ್ದಿದ್ದಳು, ಬಿಟ್ಟ ನಲ್ಲಿ ಬಿಟ್ಟಂತೆಯೇ ಇತ್ತು. ಮಧ್ಯಾಹ್ನ ಊಟಕ್ಕೆ ಬಂದ ಅವಳ ಗಂಡ ಬೋರಯ್ಯ ಬಾಗಿಲು ಒಡೆದ. ಲಕ್ವ ಹೊಡೆದಿತ್ತು.

“ಬೆಳಿಗ್ಗೆನೇ ಕರೆದುಕೊಂಡು ಬಂದಿದ್ದರೆ ಮಾತು ಉಳಿಯುತ್ತಿತ್ತೇನೋ,” ಎಂದರು ಡಾಕ್ಟರು.

ಆಸ್ಪತ್ರೆಯ ಜಗಲಿಯಲ್ಲಿ ಕೂತ ಹೊಂಬಾಳಮ್ಮ ಬೆಳಗಿನದನ್ನೆಲ್ಲ ಲೆಕ್ಕ ಹಾಕಿದಳು. ಸಾಫ್ಟ್ ಸ್ಟಾರ್ಟರ್ ಇದ್ದಿದ್ದರೆ ನಲ್ಲಿ ಸಣ್ಣಗಾಗುತ್ತಿತ್ತು. ತಾನು ಬಯ್ಯುತ್ತಿದ್ದಳು, ಉತ್ತರ ಬಾರದಿದ್ದರೆ ಓಡುತ್ತಿದ್ದಳು. ಆ ಯಂತ್ರವನ್ನು ದೂರಿ ಏನು ಬಂತು? ನೀರು ಸರಿಯಿದ್ದ ದಿನವೂ ವಾರಗಿತ್ತಿಯನ್ನು ಒಮ್ಮೆ ಕೂಗಬಾರದೆಂದು ಅದೇನೂ ಹೇಳಿರಲಿಲ್ಲ. ಆ ಸಂಕಟ ಅವಳನ್ನು ಇವತ್ತಿಗೂ ಬಿಟ್ಟಿಲ್ಲ.

ಈಗ ಚಲುವಮ್ಮನಿಗೆ ಸ್ನಾನ ಮಾಡಿಸುವವಳು ಹೊಂಬಾಳಮ್ಮನೇ. ಬೇರೆ ಯಾರನ್ನೂ ಹತ್ತಿರ ಬಿಡುವುದಿಲ್ಲ. ಮೊನ್ನೆ ಮೈಗೆ ಸೋಪು ಹಚ್ಚುತ್ತಿದ್ದವಳು ತಡೆಯಲಾಗದೆ ಬಾಯಿಬಿಟ್ಟಳು.

“ನನ್ನ ಬಯ್ಯೇ ಚಲುವಿ. ಒಂದ್ ಸಲ ಬಾಯ್ತುಂಬ ಬಯ್ದು ಬುಡೇ.”

ಚಲುವಮ್ಮ ಬಾಯಿ ತೆರೆದಳು. ಬರಿ ಸದ್ದು ಬಂತು. ಆಮೇಲೆ ಆಡುವ ಒಂದು ಕೈಯಿಂದ, ನೀರಲ್ಲಿ ನೆನೆಯುತ್ತಿದ್ದ ಹೊಂಬಾಳಮ್ಮನ ಸೆರಗನ್ನು ಎತ್ತಿ ಅವಳ ಹೆಗಲಿಗೆ ಹಾಕಿದಳು.